ತೈಲ ಕಂಪನಿಯಲ್ಲಿ ಲೇಆಫ್ ಸುದ್ದಿ ಬಂದಾಗ: ಹ್ಯೂಸ್ಟನ್ನಿನ ಕನ್ನಡಿಗ ಉದ್ಯೋಗಿಗಳಿಗೆ ಕೈಪಿಡಿ

ಅಮೆರಿಕದ ತೈಲ ಕಂಪನಿ ಶೆವ್ರಾನ್ 2026ರ ಕೊನೆಯೊಳಗೆ ತನ್ನ ಸಿಬ್ಬಂದಿಯನ್ನು ಶೇ. 15ರಿಂದ 20ರಷ್ಟು ಇಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇನ್ನೊಂದು ತೈಲ ಕಂಪನಿ ಕೊನೊಕೊಫಿಲಿಪ್ಸ್ ಶೇ. 20ರಿಂದ 25ರಷ್ಟು ಕಡಿತದ ಮಾತನ್ನಾಡಿತು. ಕೊನೊಕೊಫಿಲಿಪ್ಸ್ 2024ರಲ್ಲಿ 900 ಕೋಟಿ ಡಾಲರಿಗೂ ಹೆಚ್ಚು ನಿವ್ವಳ ಲಾಭ ಗಳಿಸಿದ್ದ ಕಂಪನಿ. ಮರಥಾನ್ ಆಯಿಲ್ ಎಂಬ ಕಂಪನಿಯನ್ನು ಕೊಂಡು ವರ್ಷ ತುಂಬುವ ಮೊದಲೇ, ಬ್ಯಾರೆಲ್ಲೊಂದರ ವೆಚ್ಚ 11 ಡಾಲರಿನಿಂದ 13 ಡಾಲರಿಗೆ ಏರಿದೆ ಎಂಬ ಲೆಕ್ಕ ತೋರಿಸಿ ಆಡಳಿತವು ಇಷ್ಟು ಜನರನ್ನು ಮನೆಗೆ ಕಳುಹಿಸಹೊರಟಾಗ ಉದ್ಯೋಗಿಗಳಿಗೆ ಬರುವ ಕೋಪ ನ್ಯಾಯವಾದುದು. ಆ ಕೋಪವನ್ನು ಮೇಲಿನವರ ಮನಸ್ಸಿನಲ್ಲೇನಿದೆ ಎಂದು ಊಹಿಸುವುದರಲ್ಲಿ ಕಳೆಯದೆ, ದಿನಾಂಕಗಳನ್ನೂ ಕಾಗದಗಳನ್ನೂ ಕೈವಶ ಮಾಡಿಕೊಳ್ಳಲು ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು, ಆಡಳಿತವು ಎಲ್ಲ ಉದ್ಯೋಗಿಗಳೊಂದಿಗೆ ನಡೆಸುವ ಟೌನ್‌ಹಾಲ್ ಸಭೆಗೆ ಪ್ರಶ್ನೆಗಳನ್ನು ಸಿದ್ಧಮಾಡಿಕೊಳ್ಳಿ. ಇಷ್ಟು ವರ್ಷ ದುಡಿದವರಿಗೆ ಇದೇನಾ ಬೆಲೆ ಎಂದು ಕೇಳಿದರೆ ಸಿಗುವುದು ಸಮಾಧಾನದ ಮಾತು ಮಾತ್ರ. ಪತ್ರಗಳು ಯಾವಾಗ ಕೈಸೇರುತ್ತವೆ, ಉಳಿಯುವ ಹುದ್ದೆಗಳಿಗೆ ಎಲ್ಲರೂ ಮತ್ತೆ ಅರ್ಜಿ ಹಾಕಬೇಕೇ, ಸೇವೆಯ ಪ್ರತಿ ವರ್ಷಕ್ಕೆ ಎಷ್ಟು ವಾರಗಳ ಸಂಬಳವನ್ನು ಸೆವೆರೆನ್ಸ್ (ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರ ಹಣ) ಆಗಿ ಕೊಡುತ್ತಾರೆ, ಸಂಬಳದ ಕೊನೆಯ ದಿನ ಯಾವುದು ಎಂಬಂತಹ, ಸಂಖ್ಯೆಯಲ್ಲೇ ಉತ್ತರಿಸಬೇಕಾದ ಪ್ರಶ್ನೆಗಳನ್ನು ನಾಲ್ಕಾರು ಮಂದಿ ಸೇರಿ ಬರೆದು ಕೊಡಿ. ಯೂನಿಯನ್ ಇಲ್ಲದ ಕಚೇರಿಯಲ್ಲೂ ಸಂಬಳ ಮತ್ತು ಕೆಲಸದ ಸ್ಥಿತಿಗತಿಯ ಬಗ್ಗೆ ಸಹೋದ್ಯೋಗಿಗಳು ಒಟ್ಟಾಗಿ ದನಿಯೆತ್ತುವ ಹಕ್ಕನ್ನು ಅಮೆರಿಕದ 1935ರ ಕಾರ್ಮಿಕ ಸಂಬಂಧಗಳ ಕಾಯ್ದೆ ಕಾಪಾಡುತ್ತದೆ. ಸೂಪರ್‌ವೈಸರ್ ದರ್ಜೆಯವರಿಗೆ ಈ ರಕ್ಷಣೆ ಇಲ್ಲವಾದ್ದರಿಂದ ಅವರು ಎಚ್ಚರದಿಂದ ಮಾತನಾಡಬೇಕು.

ಲ್ಯಾಪ್‌ಟಾಪ್ ಇನ್ನೂ ಕೈಯಲ್ಲಿರುವಾಗಲೇ ಸಂಬಳದ ಚೀಟಿಗಳು, ವಾರ್ಷಿಕ ಮೌಲ್ಯಮಾಪನಗಳು, ಷೇರು ಮತ್ತು ಬೋನಸ್ ಪತ್ರಗಳು ಹಾಗೂ ವೀಸಾ ಅನುಮೋದನೆಯ ಪ್ರತಿಗಳನ್ನು ಸಂಗ್ರಹಿಸಿಡಿ. ತೈಲ ಹುಡುಕಲು ಬಳಸುವ ಭೂಕಂಪನ ದತ್ತಾಂಶ, ತೈಲಬಾವಿಯ ಅಳತೆಯ ದಾಖಲೆಗಳು, ಕಂಪನಿಯ ಪ್ರೋಗ್ರಾಂಗಳು ನಿಮ್ಮ ಕೈಯಿಂದಲೇ ರೂಪುಗೊಂಡಿದ್ದರೂ ಅವುಗಳ ಒಂದು ಫೈಲನ್ನೂ ಹೊರಗೆ ಕಳುಹಿಸಬೇಡಿ. ಸೆವೆರೆನ್ಸ್ ಕಳೆದುಕೊಳ್ಳಲು ಅದೊಂದೇ ಸಾಕಾಗುತ್ತದೆ.

ನೂರು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಂಪನಿ ಒಂದು ಸ್ಥಳದಲ್ಲಿ ದೊಡ್ಡ ಪ್ರಮಾಣದ ಕಡಿತ ಮಾಡುವಾಗ 60 ದಿನ ಮೊದಲು ಲಿಖಿತ ಸೂಚನೆ ನೀಡಬೇಕೆಂದು ಅಮೆರಿಕದ ವಾರ್ನ್ ಕಾಯ್ದೆ ಹೇಳುತ್ತದೆ. ಈ ಸೂಚನೆಗಳನ್ನು ರಾಜ್ಯದ ಉದ್ಯೋಗ ಇಲಾಖೆಯಾದ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್ ಪ್ರಕಟಿಸುತ್ತದೆ. ಕ್ಯಾಂಟೀನಿನ ವದಂತಿಗಿಂತ ಆ ಪಟ್ಟಿ ನಂಬಲರ್ಹ.

ಸೆವೆರೆನ್ಸ್ ಒಪ್ಪಂದ ಕೈಗೆ ಬಂದ ದಿನವೇ ಸಹಿ ಹಾಕಬೇಡಿ. ಆ ಹಣಕ್ಕೆ ಬದಲಾಗಿ ನೀವು ಮೊಕದ್ದಮೆಯ ಹಕ್ಕನ್ನು ಬಿಟ್ಟುಕೊಡುತ್ತಿರುತ್ತೀರಿ. ನಿಮಗೆ 40 ತುಂಬಿದ್ದು, ಗುಂಪಾಗಿ ಕೆಲಸದಿಂದ ತೆಗೆಯುವ ಸಂದರ್ಭದಲ್ಲಿ ವಯೋಭೇದದ ದೂರು ಕೈಬಿಡುವಂತೆ ಕೇಳಿದರೆ, ಯೋಚಿಸಲು 45 ದಿನ ಮತ್ತು ಸಹಿಯ ನಂತರ ಹಿಂದೆಗೆಯಲು 7 ದಿನ ಕೊಡಲೇಬೇಕು. ಯಾವ ಹುದ್ದೆಯ, ಯಾವ ವಯಸ್ಸಿನವರನ್ನು ಆರಿಸಿದರು, ಯಾರನ್ನು ಉಳಿಸಿದರು ಎಂಬ ಪಟ್ಟಿಯನ್ನೂ ಜೊತೆಗೆ ಕೊಡಬೇಕು. ಆ ಪಟ್ಟಿಯನ್ನು ಉದ್ಯೋಗ ಕಾನೂನಿನ ವಕೀಲರಿಗೆ ತೋರಿಸಿ.

ಕಂಪನಿಯ ಪ್ರಾಯೋಜಕತ್ವದ ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರಿಗೆ ಎಲ್ಲಕ್ಕಿಂತ ಕಠಿಣವಾದ ಗಡುವು ಬೇರೆಯೇ ಇದೆ. ಉದ್ಯೋಗ ಮುಗಿದ ಮೇಲೆ ದೇಶದಲ್ಲಿರಲು ಸಿಗುವುದು ಹೆಚ್ಚೆಂದರೆ 60 ದಿನ, ದೇಶದಲ್ಲಿರಲು ಅನುಮತಿಸಿದ ಕೊನೆಯ ದಿನವನ್ನು ತೋರಿಸುವ ಐ-94 ದಾಖಲೆ ಅದಕ್ಕೂ ಮೊದಲೇ ಮುಗಿದರೆ ಇನ್ನೂ ಕಡಿಮೆ. ಈ ಎಣಿಕೆ ಸಾಮಾನ್ಯವಾಗಿ, ಯಾವ ದಿನದವರೆಗೆ ಸಂಬಳ ಲೆಕ್ಕಹಾಕುತ್ತಾರೋ ಅದರ ಮರುದಿನದಿಂದ ಶುರುವಾಗುತ್ತದೆ. ಸೆವೆರೆನ್ಸ್ ಹಣ ಆಮೇಲೂ ಬರುತ್ತಿದೆ ಎಂದ ಮಾತ್ರಕ್ಕೆ ಅದು ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ, ಕೆಲಸ ಬಿಟ್ಟರೂ ಸಂಬಳದ ಪಟ್ಟಿಯಲ್ಲಿ ಕೆಲವು ವಾರ ಇರಿಸಿಕೊಳ್ಳುತ್ತೇವೆಂದು ಎಚ್‌ಆರ್ ಹೇಳಿದರೆ, ನಿಮ್ಮ ಉದ್ಯೋಗದ ಕೊನೆಯ ದಿನ ಯಾವುದೆಂದು ಬರಹದಲ್ಲಿ ಪಡೆದು ವಲಸೆ ವಕೀಲರ ಮುಂದಿಡಿ. ಆ ಅವಧಿಯೊಳಗೆ ಹೊಸ ಕಂಪನಿ ಅರ್ಜಿ ಸಲ್ಲಿಸಬೇಕು, ಇಲ್ಲವೇ ನೀವು ಬೇರೆ ವೀಸಾ ಸ್ಥಾನಮಾನಕ್ಕೆ ಅರ್ಜಿ ಹಾಕಿರಬೇಕು. ಗ್ರೀನ್ ಕಾರ್ಡಿಗಾಗಿ ಕಂಪನಿ ನಿಮ್ಮ ಪರವಾಗಿ ಸಲ್ಲಿಸುವ ಐ-140 ಅರ್ಜಿ ಅನುಮೋದನೆಯಾಗಿ 180 ದಿನ ಕಳೆದಿದ್ದರೆ ಕಂಪನಿ ಅದನ್ನು ಹಿಂದೆಗೆದರೂ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಮ್ಮ ಹಳೆಯ ದಿನಾಂಕ ಉಳಿಯುತ್ತದೆ. ಭಾರತದಲ್ಲಿ ಹುಟ್ಟಿದವರಿಗೆ ಆ ದಿನಾಂಕವೇ ಹತ್ತಾರು ವರ್ಷಗಳ ಗಳಿಕೆ. ಐ-140 ಅನುಮೋದನೆಯ ಪ್ರತಿಯನ್ನು ಇಂದೇ ಕೇಳಿ.

ಹಣದ ವಿಷಯದಲ್ಲಿ ಬಹುಮಂದಿಗೆ ತಿಳಿಯದ ಒಂದು ಸಂಗತಿಯಿದೆ. ಕಂಪನಿಯ ನಿವೃತ್ತಿ ಉಳಿತಾಯ ಯೋಜನೆಯಾದ 401(ಕೆ)ಯ ಸದಸ್ಯರಲ್ಲಿ ಶೇ. 20 ಅಥವಾ ಹೆಚ್ಚು ಮಂದಿಯನ್ನು ಕಂಪನಿ ತೆಗೆದರೆ ಅದನ್ನು ಯೋಜನೆಯ ಭಾಗಶಃ ಮುಕ್ತಾಯವೆಂದು ತೆರಿಗೆ ಇಲಾಖೆ ಸಾಮಾನ್ಯವಾಗಿ ಪರಿಗಣಿಸುತ್ತದೆ. ಹಾಗಾದಾಗ, ಸೇವೆಯ ವರ್ಷಗಳು ಸಾಲದೆ ಇನ್ನೂ ನಿಮ್ಮದಾಗದಿದ್ದ ಕಂಪನಿಯ ಪಾಲಿನ ಹಣ ಪೂರ್ತಿ ನಿಮ್ಮದಾಗುತ್ತದೆ. ಇದನ್ನು ಹೆಸರಿಟ್ಟು ಕೇಳಿ. ಕಂಪನಿಯ ಆರೋಗ್ಯ ವಿಮೆಯನ್ನು, ಕೆಲಸ ಹೋದ ಮೇಲೂ ಅದನ್ನು ಉಳಿಸಿಕೊಳ್ಳಲು ಬಿಡುವ ಕೋಬ್ರಾ ಕಾನೂನಿನ ಮೂಲಕ ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದು, ಪೂರ್ತಿ ಪ್ರೀಮಿಯಂ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ಶೆವ್ರಾನ್ ಬೆಂಗಳೂರಿನಲ್ಲಿ ಸುಮಾರು 100 ಕೋಟಿ ಡಾಲರ್ ಹೂಡಿ ಎಂಜಿನಿಯರಿಂಗ್ ಕೇಂದ್ರ ಕಟ್ಟುವುದಾಗಿ 2024ರಲ್ಲಿ ಹೇಳಿತ್ತು. ನಿಮ್ಮ ಕೆಲಸವನ್ನು ನಿಮ್ಮ ಊರಿನವರಿಗೇ ಕಲಿಸಿಕೊಡಿ ಎಂಬ ಸೂಚನೆ ಬಂದರೆ ಅದು ನುಂಗಲಾರದ ತುತ್ತು. ಆದರೂ ಕರೆಯ ಆ ತುದಿಯಲ್ಲಿರುವ ತರುಣ ಎಂಜಿನಿಯರ್ ಈ ತೀರ್ಮಾನ ಮಾಡಿದವನಲ್ಲ. ಅವನಿಗೆ ಕೆಲಸವನ್ನು ನೆಟ್ಟಗೆ ಕಲಿಸಿ, ಕಲಿಸಲು ಬೇಕಾದ ಅವಧಿ ಎಷ್ಟೆಂಬುದನ್ನು ಮ್ಯಾನೇಜರಿಗೆ ಲಿಖಿತವಾಗಿ ತಿಳಿಸಿ.

ಕೆಲಸದಲ್ಲಿ ಉಳಿದವರ ಹೊಣೆ ಇನ್ನೂ ಭಾರವಾದುದು. ಹ್ಯೂಸ್ಟನ್ನಿಗೆ ಸಮೀಪದ ಟೆಕ್ಸಾಸ್ ಸಿಟಿಯ ಬಿಪಿ ಸಂಸ್ಕರಣಾಗಾರದಲ್ಲಿ 2005ರ ಮಾರ್ಚ್ 23ರಂದು ಸ್ಫೋಟವಾಗಿ 15 ಮಂದಿ ಸತ್ತಾಗ, ತನಿಖೆ ನಡೆಸಿದ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯು ವೆಚ್ಚ ಕಡಿತವನ್ನೂ ಕಾರಣಗಳಲ್ಲಿ ಸೇರಿಸಿತ್ತು. ಮೂವರು ಮಾಡುತ್ತಿದ್ದ ಪಾಳಿ ಒಬ್ಬರ ಮೇಲೆ ಬಿದ್ದರೆ, ಮುಂದೂಡಿದ ತಪಾಸಣೆ, ಖಾಲಿ ಉಳಿದ ಹುದ್ದೆ, ಸತತ ಪಾಳಿಯ ಗಂಟೆಗಳನ್ನು ದಿನಾಂಕ ಸಮೇತ ಬರೆದು ಸುರಕ್ಷತಾ ವಿಭಾಗಕ್ಕೆ ಕಳುಹಿಸಿ. ಅಪಾಯ ಕಂಡರೆ ಕೆಲಸ ನಿಲ್ಲಿಸಲು ಕಂಪನಿ ನಿಮಗೆ ಕೊಟ್ಟಿರುವ ಅಧಿಕಾರವನ್ನು ಹಿಂಜರಿಯದೆ ಬಳಸಿ. ಅಲ್ಲೂ ಕಿವಿಗೊಡದಿದ್ದರೆ ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಷಾಕ್ಕೆ ದೂರು ಕೊಡಿ.