ಡಾಕ್ಸ್‌ನಿಂದ ಸೈಟಿಗೆ ಒಂದೇ ಕ್ಲಿಕ್: ನನ್ನ ಅನುಭವ

ನಮ್ಮದು ಹಾಸನದ ಚಿಕ್ಕ ಸುದ್ದಿ ಸೈಟು. ಬರೆಯೋರು ಆರು ಜನ, ಸಕಲೇಶಪುರ, ಆಲೂರು, ಅರಕಲಗೂಡು ಕಡೆಯವರು. ಅವರು ಗೂಗಲ್ ಡಾಕ್ಸ್‌ನಲ್ಲಿ ಬರೆಯುತ್ತಾರೆ, ನಾನು ತಿದ್ದುತ್ತೇನೆ. ತಲೆನೋವು ಶುರುವಾಗುತ್ತಿದ್ದುದು ಆಮೇಲೆ. ಕಾಪಿ ಮಾಡು, ಸೈಟು ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್‌ಗೆ ಹಾಕು, ಫೋಟೊ ಇಳಿಸು, ಮತ್ತೆ ಏರಿಸು. ಒಂದು ಸುದ್ದಿಗೆ ಹತ್ತು-ಹನ್ನೆರಡು ನಿಮಿಷ. ಇದಕ್ಕೇ ಅಂತ ಒಬ್ಬ ಹುಡುಗನಿಗೆ ತಿಂಗಳಿಗೆ ಎಂಟು ಸಾವಿರ ಕೊಡುತ್ತಿದ್ದೆ.

ಬೆಂಗಳೂರಿನ ಗೆಳೆಯನೊಬ್ಬ, "ಕನ್ನಡದಲ್ಲಿ ನೀನೇ ಮಾಡ್ಕೊಂಡ್ರೆ ಸರಿ ಬರಲ್ಲ ಮಾರಾಯ, ಸುಮ್ನೆ ಒಂದು ಪ್ಲಗಿನ್ ತಗೋ" ಅಂದ. ತಗೊಂಡೆ. ಮೂರು ತಿಂಗಳಿಗೆ ನಾಲ್ಕೂವರೆ ಸಾವಿರದ ಹತ್ತಿರ ಹೋಯಿತು. ಡಾಕ್ಸ್‌ನ ಫಾಂಟು, ಬಣ್ಣ, ಅಳತೆ ಎಲ್ಲ ಪುಟಕ್ಕೆ ಅಂಟಿಕೊಂಡು ಬಂದು, ಫೋನಿನಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು.

ಕೊನೆಗೆ, ಡಾಕ್ಸ್‌ನಿಂದ ಸುದ್ದಿಯನ್ನು ನೇರ ಸೈಟಿಗೆ ಕಳಿಸುವ ಸ್ಕ್ರಿಪ್ಟನ್ನು ಗೂಗಲ್‌ನದೇ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ನಾನೇ ಬರೆಯಲು ಕೂತೆ. ಹೊರಗಿನ ಸ್ಕ್ರಿಪ್ಟನ್ನು ಸೈಟಿನ ಒಳಗೆ ಬಿಟ್ಟುಕೊಳ್ಳುವ ಅಪ್ಲಿಕೇಶನ್ ಪಾಸ್‌ವರ್ಡ್ ಸೌಲಭ್ಯ ವರ್ಡ್‌ಪ್ರೆಸ್ 5.6ರಿಂದ ಒಳಗೇ ಇದೆ. ನನಗೆ ಮಾತ್ರ ಯಾವಾಗ ನೋಡಿದರೂ 401, ಅಂದರೆ ಒಳಗೆ ಬಿಡಲ್ಲ ಅನ್ನುವ ಉತ್ತರ. ಪಾಸ್‌ವರ್ಡ್ ಹತ್ತು ಸಲ ಬದಲಿಸಿದೆ. ಹೋಸ್ಟಿಂಗ್‌ನವರು ಫೋನಿನಲ್ಲಿ "ನಮ್ಮ ಕಡೆ ಎಲ್ಲ ಸರಿ ಇದೆ ಸರ್" ಅಂತಲೇ ಇದ್ದರು. ನಾಲ್ಕನೇ ದಿನ ಗೊತ್ತಾಯಿತು, ಪಾಸ್‌ವರ್ಡ್ ಹೊತ್ತು ಹೋಗುವ ಆಥರೈಸೇಶನ್ ಹೆಡರನ್ನು ಸರ್ವರ್ ದಾರಿಯಲ್ಲೇ ನುಂಗುತ್ತಿತ್ತು. ಸರ್ವರಿಗೆ ಸೂಚನೆ ಕೊಡುವ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಒಂದು ಸಾಲು ಸೇರಿಸಿದ ಮೇಲೆ ಬಾಗಿಲು ತೆರೆಯಿತು.

ದೊಡ್ಡ ಪೆಟ್ಟು ಬಿದ್ದದ್ದು ಹಾಸನಾಂಬೆ ಬಾಗಿಲು ತೆಗೆದ ದಿನ. ಎಲ್ಲರೂ ಸೈಟಿಗೆ ಮುಗಿಬಿದ್ದು ಸರ್ವರ್ ತೆವಳುತ್ತಿತ್ತು. ಸ್ಕ್ರಿಪ್ಟಿಗೆ ಉತ್ತರ ಬರಲಿಲ್ಲ, ಅದು ಮತ್ತೆ ಮತ್ತೆ ಕಳಿಸಿತು. ಪೋಸ್ಟ್ ಮಾತ್ರ ಪ್ರತಿ ಸಲವೂ ಆಗಿತ್ತು. ಮುಖಪುಟದಲ್ಲಿ ಒಂದೇ ಸುದ್ದಿ ಐದು ಸಲ! ಓದುಗರೊಬ್ಬರು ಫೋನ್ ಮಾಡಿ, "ಏನ್ ಸಾರ್, ವರ್ಷಕ್ಕೊಂದು ಸಲ ತೆಗೆಯೋ ಬಾಗಿಲನ್ನ ಇವತ್ತೇ ಐದು ಸಲ ತೆಗೆದ್ರಾ?" ಅಂದರು.

ಇದಕ್ಕೆ ಮದ್ದು ಸಿಕ್ಕಿದ್ದು ಕಾಡಾನೆಗಳಿಂದ. ಸ್ಲಗ್ ಅಂದರೆ ಸುದ್ದಿಯ ವೆಬ್ ವಿಳಾಸದ ಕೊನೆಯ ತುಣುಕು. ಅದನ್ನು ಕನ್ನಡ ತಲೆಬರಹದಿಂದಲೇ ಮಾಡಿದರೆ ಒಂದೊಂದು ಅಕ್ಷರವೂ 9 ಚಿಹ್ನೆ ತಿನ್ನುತ್ತದೆ. ಕೊಂಬು, ಇಳಿ, ಒತ್ತು ಎಲ್ಲ ಬೇರೆ ಲೆಕ್ಕ. ವರ್ಡ್‌ಪ್ರೆಸ್ ಬಿಡುವುದು ಒಟ್ಟು 200 ಚಿಹ್ನೆ. "ಸಕಲೇಶಪುರ: ಕಾಡಾನೆ ದಾಳಿಗೆ ಕಾಫಿ ತೋಟ ನಾಶ", "ಸಕಲೇಶಪುರ: ಕಾಡಾನೆ ದಾಳಿಗೆ ಕಾರ್ಮಿಕನಿಗೆ ಗಾಯ" ಎರಡೂ ‘ದಾಳಿಗೆ’ ದಾಟಿ ‘ಕ’ ಹತ್ತಿರ ತುಂಡಾಗಿ ಒಂದೇ ಸ್ಲಗ್ ಆದವು, ಎರಡನೆಯದಕ್ಕೆ 2 ಅಂತ ಬಾಲ ಬಂತು. ನಮ್ಮಲ್ಲಿ ಆನೆ ಸುದ್ದಿಗೆ ಬರವೇ? ಬಾಲ 14ರವರೆಗೆ ಬೆಳೆದಿತ್ತು.

ಈಗ ಡಾಕ್‌ನ ಮೊದಲ ಸಾಲಿನಲ್ಲಿ ವರದಿಗಾರರೇ ಇಂಗ್ಲಿಷ್‌ನಲ್ಲಿ ಸ್ಲಗ್ ಬರೆಯುತ್ತಾರೆ, ಕೊನೆಗೆ ತಾರೀಖು. ಕಳಿಸುವ ಮೊದಲು ಸ್ಕ್ರಿಪ್ಟ್ ಆ ಸ್ಲಗ್ ಇದೆಯಾ ಅಂತ ಸೈಟನ್ನು ಕೇಳುತ್ತದೆ. ಇದ್ದರೆ ಅದನ್ನೇ ತಿದ್ದುತ್ತದೆ, ಇಲ್ಲದಿದ್ದರೆ ಹೊಸದು. ಡ್ರಾಫ್ಟ್‌ಗಳಲ್ಲೂ ಹುಡುಕಿಸಿ. ಪಬ್ಲಿಷ್ ಆದವನ್ನಷ್ಟೇ ನೋಡಿದರೆ ಮತ್ತೆ ಅದೇ ಗೋಳು.

ನಡುವೆ ಕಾಫಿ ದರದ ಹುಚ್ಚೂ ಹತ್ತಿತು. ಅರೇಬಿಕಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ, 50 ಕೆಜಿ ಮೂಟೆ ಲೆಕ್ಕದಲ್ಲಿ ಸಂಜೆ ಶೀಟಿಗೆ ಹಾಕಿದರೆ ತಾನೇ ಪುಟವಾಗುವಂತೆ ಮಾಡಿದೆ. ಒಂದು ದಿನ ಯಾರೋ ಒಂದು ಸೊನ್ನೆ ಜಾಸ್ತಿ ಒತ್ತಿದರು. ತೋಟದವರು ಸಂಭ್ರಮಪಟ್ಟರು, ವ್ಯಾಪಾರಿಗಳು ಬೈದರು. ಈಗ ದರದ ಪುಟ ನಾನು ನೋಡದೆ ಹೊರಗೆ ಹೋಗುವುದಿಲ್ಲ.

ಇನ್ನು ನಮ್ಮ ಹಿರಿಯ ವರದಿಗಾರರೊಬ್ಬರು ಇವತ್ತಿಗೂ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಯೂನಿಕೋಡ್‌ಗೆ ತಿರುಗಿಸಿದರೆ ಅರ್ಕಾವೊತ್ತು ಎಲ್ಲೆಲ್ಲೋ ಹೋಗಿ ಕೂರುತ್ತಿತ್ತು. ಅದನ್ನು ಸರಿ ಮಾಡುವ ಹದಿನಾರು ಸಾಲು ಕೋಡ್ ನನ್ನ ಹತ್ತಿರ ಇದೆ. ಅದೊಂದು ಕೇಳಬೇಡಿ.

ಈಗ ಒಂದು ಸುದ್ದಿಗೆ ಒಂದೂವರೆ ನಿಮಿಷ. ಹೋಸ್ಟಿಂಗ್ ಬಿಟ್ಟರೆ ಖರ್ಚಿಲ್ಲ. ಆ ಹುಡುಗ ಈಗ ಬೈಕಿನಲ್ಲಿ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾನೆ, ಸಂಬಳದ ಮೇಲೆ ಪೆಟ್ರೋಲೂ ಕೊಡುತ್ತೇನೆ. ಫೋಟೊದ ಅಡಿಬರಹ ಮಾತ್ರ ಇನ್ನೂ ಕೈಯಲ್ಲೇ. ಮೊನ್ನೆ ಬೆಂಗಳೂರಿನ ಗೆಳೆಯನೇ ಫೋನ್ ಮಾಡಿ ಸ್ಕ್ರಿಪ್ಟ್ ಕೇಳಿದ. ಕೊಟ್ಟೆ, ಹದಿನಾರು ಸಾಲು ಕಡಿಮೆ ಮಾಡಿ.