ಅಳತೆಕೋಲಿನ ಮೇಲೆ ಫೋನು, ಅದರ ಕೆಳಗೆ ನೋಟ್‌ಬುಕ್ಕು

ತುಮಕೂರಿನ ಅಶೋಕನಗರದ ನಮ್ಮ ಮನೆಯ ನಡುಮನೆಯಲ್ಲಿ ಭಾನುವಾರ ಬೆಳಿಗ್ಗೆ ಕಥೆ ಬರೆಯುವವರ ಒಂದು ಸಣ್ಣ ಕೂಟ ಸೇರುತ್ತಿತ್ತು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಮನಸ್ಸಿಟ್ಟು ಮಾಡಿಕೊಂಡು ಬಂದ ಕೆಲಸ ಅದೊಂದೇ. ಹತ್ತು ಹನ್ನೆರಡು ಜನ ಚಾಪೆಯ ಮೇಲೆ ಸುತ್ತ ಕುಳಿತು, ಒಬ್ಬರು ಓದಿದ್ದನ್ನು ಉಳಿದವರು ಕೇಳಿ, ಎಲ್ಲಿ ಮನಸ್ಸು ಜಾರಿತು, ಎಲ್ಲಿ ನಿಂತಿತು ಎಂದು ಹೇಳುವುದು ನಮ್ಮ ಪದ್ಧತಿಯಾಗಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಅದು ನಿಂತಿತು. ಮರುವರ್ಷ ಎರಡನೆಯ ಅಲೆ ಇಳಿದ ಮೇಲೂ ಒಂದೇ ಕೋಣೆಯಲ್ಲಿ ಅಷ್ಟು ಜನ ಕೂರಲು ಎಲ್ಲರಿಗೂ ಅಂಜಿಕೆ. ಆಗ ಪಾವಗಡದ ರೈತರೊಬ್ಬರು ಫೋನ್ ಮಾಡಿ, "ಮೇಷ್ಟ್ರೇ, ಆನ್‌ಲೈನಾಗೆ ಮಾಡಿ. ನೂರು ಕಿಲೋಮೀಟರ್ ಬಂದು ಹೋಗೋದು ನಮಗೆ ಮೊದಲಿಂದಾನೂ ಕಷ್ಟವೇ ಆಗಿತ್ತು" ಎಂದರು. ಅವರು ಹಿಂದೆ ಎರಡು ಸಲ ಮಾತ್ರ ತರಗತಿಗೆ ಬಂದಿದ್ದರು. ಬಾರದೆ ಇದ್ದುದಕ್ಕೆ ಆಸಕ್ತಿ ಕಡಿಮೆ ಎಂದು ನಾನು ಎಣಿಸಿದ್ದೆ. ಬಸ್ಸಿನ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಪ್ಪಿಕೊಳ್ಳಲು ಅದೇ ಕಾರಣವಾಯಿತು.

ಒಪ್ಪಿಕೊಂಡೆನಾದರೂ ನನಗೆ ಕಂಪ್ಯೂಟರ್ ಎಂದರೆ ಹಿಂಜರಿಕೆ ಇತ್ತು. ಆ ಹಿಂಜರಿಕೆ ಏನೆಂದು ಕೂತು ಯೋಚಿಸಿದಾಗ, ಅದು ಯಂತ್ರದ ಭಯ ಅಲ್ಲವೆಂದು ತಿಳಿಯಿತು. ತರಗತಿಯೊಳಗೆ ಬಂದರೆ ಸೀಮೆಸುಣ್ಣ ಎಲ್ಲಿದೆ, ಯಾವ ಕಿಟಕಿ ತೆರೆದರೆ ಬೋರ್ಡಿನ ಮೇಲೆ ಬೆಳಕು ಬೀಳುತ್ತದೆ, ಹಿಂದಿನ ಸಾಲಿನಲ್ಲಿ ಯಾರು ಬಾಯಿ ತೆರೆಯಲು ನೋಡುತ್ತಿದ್ದಾರೆ ಎಂಬುದು ಮೂವತ್ತು ವರ್ಷ ನನಗೆ ಕೈಯಳತೆಯಲ್ಲಿತ್ತು. ಅದು ಯಾವುದೂ ಇಲ್ಲದ ಕಡೆ, ನನ್ನನ್ನು ನಂಬಿ ಸಮಯ ಕೊಟ್ಟವರ ಮುಂದೆ ತಡಕಾಡುತ್ತ ನಿಲ್ಲುವುದು ನನಗೆ ಒಗ್ಗದ ಮಾತಾಗಿತ್ತು. ಆದ್ದರಿಂದ ಎಲ್ಲವನ್ನೂ ಕಲಿಯುವ ಹಂಬಲ ಬಿಟ್ಟು, ನನ್ನ ತರಗತಿಗೆ ಬೇಕಾದದ್ದನ್ನು ಮಾತ್ರ ಕಲಿಯಲು ನಿರ್ಧರಿಸಿದೆ. ಓದುವವರ ದನಿ ಎಲ್ಲರಿಗೂ ಕೇಳಿಸಬೇಕು, ನಾನು ತಿದ್ದುವ ಪುಟ ಎಲ್ಲರಿಗೂ ಕಾಣಿಸಬೇಕು, ಬರೆಯಲು ಕೊಟ್ಟ ಹೊತ್ತಿನಲ್ಲಿ ಯಾರೂ ಯಾರಿಗೂ ಅಡ್ಡಿಯಾಗಬಾರದು. ಬೇಕಾದದ್ದು ಇಷ್ಟೇ.

ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿ ಆರು ಸಂಜೆ ನನಗೆ ಪಾಠ ಹೇಳಿದಳು. ಅವಳಿಗೆ ನಾನು ಹಾಕಿದ ಷರತ್ತು ಒಂದೇ: "ನೀನು ಮೌಸ್ ಮುಟ್ಟಬೇಡಮ್ಮ, ಬಾಯಲ್ಲಿ ಹೇಳು, ನಾನೇ ಒತ್ತುತ್ತೇನೆ." ಅವಳಿಗೆ ಅದು ತಾಳ್ಮೆಯ ಪರೀಕ್ಷೆಯಾಗಿತ್ತು, ಎರಡು ಸೆಕೆಂಡಿನ ಕೆಲಸಕ್ಕೆ ನಾನು ಎರಡು ನಿಮಿಷ ತೆಗೆದುಕೊಳ್ಳುತ್ತಿದ್ದೆ. ಆದರೆ ಬೇರೆಯವರು ಮಾಡಿ ತೋರಿಸಿದ್ದನ್ನು ನೋಡಿ ಕೈ ಕಲಿಯುವುದಿಲ್ಲವೆಂಬುದನ್ನು ಮಕ್ಕಳಿಗೆ ಅಕ್ಷರ ತಿದ್ದಿಸಿದ ಯಾರೇ ಆದರೂ ಬಲ್ಲರು. ಪ್ರತಿಯೊಂದು ಹೆಜ್ಜೆಯನ್ನೂ ನನ್ನ ಮಾತಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ಮೈಕಿನ ಚಿತ್ರ ಕೆಂಪಾಗಿದ್ದರೆ ನನ್ನ ದನಿ ಹೋಗುತ್ತಿಲ್ಲ" ಎಂಬಂಥ ಸಾಲುಗಳು ಅದರಲ್ಲಿವೆ. ಕೊನೆಯ ಎರಡು ಸಂಜೆ ಅವಳು ತನ್ನ ಮನೆಯಲ್ಲಿ ಫೋನ್ ಹಿಡಿದು ವಿದ್ಯಾರ್ಥಿಯಾದಳು, ನಾನು ಇಲ್ಲಿ ಒಬ್ಬನೇ ಕೂತು ತರಗತಿಯ ಹೆಜ್ಜೆಗಳನ್ನೆಲ್ಲ ನಡೆಸಿ ನೋಡಿದೆ. ಈ ತಾಲೀಮು ಇಲ್ಲದೆ ಯಾರೂ ಮೊದಲ ತರಗತಿಗೆ ಇಳಿಯಬಾರದೆಂದು ನನ್ನ ಸಲಹೆ.

ಇಷ್ಟಾದರೂ ಮೊದಲ ಭಾನುವಾರ ಒಂದು ಘಾತವಾಯಿತು. ತಿಪಟೂರಿನ ಒಬ್ಬ ಗೃಹಿಣಿ ಜೀವನದಲ್ಲಿ ಮೊದಲ ಸಲ ತಮ್ಮ ಕಥೆಯನ್ನು ಪರರೆದುರು ಓದುತ್ತಿದ್ದರು. ದನಿ ನಡುಗುವುದು ನಿಂತು ಹದಕ್ಕೆ ಬರುತ್ತಿದ್ದಾಗ, ವಾಕ್ಯದ ನಡುವೆ ಪರದೆ ಖಾಲಿಯಾಯಿತು. ನಾನು ಬಳಸುತ್ತಿದ್ದ ಆ್ಯಪಿನ ಉಚಿತ ಖಾತೆಗೆ 40 ನಿಮಿಷದ ಮಿತಿಯಿತ್ತು. ತಾಲೀಮಿನಲ್ಲಿ ಒಂದು ದಿನವೂ ಅಷ್ಟು ಹೊತ್ತು ಮುಟ್ಟದಿದ್ದುದರಿಂದ ನಮಗೆ ಅದು ಗೊತ್ತಾಗಿರಲಿಲ್ಲ. ಎಲ್ಲರೂ ಮತ್ತೆ ಸೇರುವ ಹೊತ್ತಿಗೆ ಆಕೆ, "ಇರಲಿ ಮೇಷ್ಟ್ರೇ, ಮುಂದಿನ ವಾರ ಓದ್ತೀನಿ" ಎಂದರು. ನನ್ನ ಮನಸ್ಸಿಗೆ ತುಂಬ ನೋವಾಯಿತು. ಓದುತ್ತಿರುವವರನ್ನು ನಡುವೆ ತಡೆಯಬಾರದೆಂಬುದು ನಮ್ಮ ಕೂಟದ ಮೊದಲ ನಿಯಮ. ಅದನ್ನು ನನ್ನ ಅಜಾಗ್ರತೆಯೇ ಮುರಿದಿತ್ತು.

ಆಮೇಲೆ ಗೂಗಲ್ ಮೀಟ್‌ಗೆ ಬಂದೆವು. ಅಲ್ಲಿಯೂ ಮೂರು ಅಥವಾ ಹೆಚ್ಚು ಜನರಿದ್ದರೆ ಉಚಿತ ಖಾತೆಗೆ 60 ನಿಮಿಷದ ಮಿತಿಯುಂಟು, 55ನೆಯ ನಿಮಿಷಕ್ಕೆ ಸೂಚನೆ ಬರುತ್ತದೆ. ದುಡ್ಡು ಕೊಟ್ಟು ಮಿತಿಯನ್ನು ತೆಗೆಸುವ ಬದಲು ತರಗತಿಯನ್ನೇ ಶಾಲೆಯ ಪೀರಿಯಡ್ಡಿನಂತೆ ಒಡೆದೆ. ಐವತ್ತು ನಿಮಿಷದ ಒಂದು ಪೀರಿಯಡ್, ಹತ್ತು ನಿಮಿಷದ ಬಿಡುವು, ಮತ್ತೆ ಅದೇ ಲಿಂಕಿನಲ್ಲಿ ಇನ್ನೊಂದು ಪೀರಿಯಡ್. ಮೊದಲನೆಯದು ಓದಿಗೆ, ಎರಡನೆಯದು ತಿದ್ದುವುದಕ್ಕೆ. ಮೂವತ್ತೈದು ನಿಮಿಷ ದಾಟಿದ ಮೇಲೆ ಹೊಸ ಓದನ್ನು ಆರಂಭಿಸುವುದಿಲ್ಲ.

ತಿದ್ದುವುದನ್ನು ತೋರಿಸುವುದು ಹೇಗೆಂಬುದೇ ದೊಡ್ಡ ಸಮಸ್ಯೆಯಾಗಿತ್ತು. ಪರದೆಯ ಮೇಲೆ ಟೈಪ್ ಮಾಡಿ ತಿದ್ದಿದರೆ ಹೊಡೆದುಹಾಕಿದ ಪದ ಮಾಯವಾಗುತ್ತದೆ, ಹೊಸದು ಬಂದು ಕೂರುತ್ತದೆ, ನಡುವೆ ಏನು ನಡೆಯಿತೆಂದು ನೋಡುವವರಿಗೆ ತಿಳಿಯುವುದಿಲ್ಲ. ಕಾಗದದ ಮೇಲೆ ಗೀಟು ಎಳೆದರೆ ಹಳೆಯದೂ ಅಲ್ಲೇ ಇರುತ್ತದೆ, ಹೊಸದೂ ಅದರ ತಲೆಯ ಮೇಲೆ ಇರುತ್ತದೆ. ಕಲಿಯುವವರಿಗೆ ಎರಡೂ ಕಾಣಬೇಕು. ಹಾಗಾಗಿ ಮೊದಲು ನೋಟ್‌ಬುಕ್ಕನ್ನೇ ಲ್ಯಾಪ್‌ಟಾಪಿನ ಮುಂದೆ ಎತ್ತಿ ಹಿಡಿದೆ. ನನ್ನ ಪರದೆಯಲ್ಲಿ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಂಡವು. ನಮ್ಮ ಚಿತ್ರ ನಮಗೆ ಮಾತ್ರ ಹಾಗೆ ಕಾಣುತ್ತದೆ, ಎದುರಿನವರಿಗೆ ಸರಿಯಾಗಿಯೇ ಕಾಣುತ್ತದೆ ಎಂದು ಅವರು ಹೇಳಿದ ಮೇಲೆ ಸಮಾಧಾನವಾಯಿತು, ಆದರೆ ಹಾಗೆ ಹಿಡಿದುಕೊಂಡು ಬರೆಯುವುದು ಸಾಧ್ಯವಿರಲಿಲ್ಲ.

ಈಗ ಬಳಸುವ ಏರ್ಪಾಡು ಇದು. ಒಂದೇ ಎತ್ತರದ ಎರಡು ಸ್ಟೀಲ್ ಡಬ್ಬಗಳನ್ನು ಮೇಜಿನ ಮೇಲೆ ಎರಡು ಕಡೆ ಇಟ್ಟು, ಶಾಲೆಯಲ್ಲಿ ಕಪ್ಪುಹಲಗೆಗೆ ಬಳಸುತ್ತಿದ್ದಂಥ ಮರದ ಅಳತೆಕೋಲನ್ನು ಅವುಗಳ ಮೇಲೆ ಅಡ್ಡಲಾಗಿ ಇಡುತ್ತೇನೆ. ಫೋನಿನ ಹಿಂಬದಿಯ ಕ್ಯಾಮೆರಾ ಕೋಲಿನ ಅಂಚಿನಿಂದ ಹೊರಗೆ ಚಾಚುವಂತೆ ಫೋನನ್ನು ಮಲಗಿಸಿ ಎರಡು ರಬ್ಬರ್ ಬ್ಯಾಂಡ್ ಬಿಗಿಯುತ್ತೇನೆ. ಕೆಳಗೆ ನೋಟ್‌ಬುಕ್ಕು. ಕೋಲು ಪುಟದಿಂದ ಒಂದಡಿಯಷ್ಟು ಮೇಲಿದ್ದರೆ ಪುಟ ಪೂರ್ತಿ ಹಿಡಿಸುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಕಿಟಕಿ ಎಡಗಡೆ ಇರಬೇಕು, ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೆಯೇ ಬೀಳುತ್ತದೆ. ಫೋನಿನಿಂದಲೂ ಅದೇ ಲಿಂಕಿಗೆ ಇನ್ನೊಬ್ಬ ಸದಸ್ಯನಂತೆ ಸೇರಿಕೊಳ್ಳುತ್ತೇನೆ. ಉಳಿದವರು ಆ ಚಿತ್ರವನ್ನು ಪಿನ್ ಮಾಡಿಕೊಂಡರೆ ಅವರ ಪರದೆಯ ತುಂಬ ನನ್ನ ಪುಟವೇ ಇರುತ್ತದೆ. ಫೋನಿನ ಮೈಕನ್ನೂ ಧ್ವನಿಯನ್ನೂ ಎರಡನ್ನೂ ಮುಚ್ಚಲು ಮರೆಯಬಾರದು. ಒಂದೇ ಕೋಣೆಯಲ್ಲಿ ಎರಡು ಯಂತ್ರಗಳು ಒಂದರ ದನಿಯನ್ನು ಇನ್ನೊಂದು ಹಿಡಿದು ತಿರುಗಿಸಿ ಕಳಿಸತೊಡಗಿದರೆ ಹುಟ್ಟುವ ಕೀರಲು ಶಬ್ದ ಹೆಡ್‌ಫೋನ್ ಹಾಕಿಕೊಂಡವರ ಕಿವಿಗೆ ಚುಚ್ಚುತ್ತದೆ.

ಈ ಏರ್ಪಾಡಿನ ಕೆಳಗೆ ತಿದ್ದಿದ ಮೊದಲ ವಾಕ್ಯ ತಿಪಟೂರಿನ ಆ ಗೃಹಿಣಿಯದೇ. ಒಬ್ಬನೇ ಮಗ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ದಿನದ ಕಥೆ. "ಅವಳು ತುಂಬಾ ದುಃಖದಿಂದ ಅಡುಗೆಮನೆಗೆ ಹೋಗಿ, ಭಾರವಾದ ಮನಸ್ಸಿನಿಂದ ಮುದ್ದೆಗೆ ಎಸರಿಟ್ಟಳು" ಎಂದಿತ್ತು. ವಾಕ್ಯವನ್ನು ದೊಡ್ಡದಾಗಿ ಬರೆದು, "ತುಂಬಾ ದುಃಖದಿಂದ" ಎಂಬುದರ ಮೇಲೆ ಗೀಟೆಳೆದೆ, "ಭಾರವಾದ ಮನಸ್ಸಿನಿಂದ" ಎಂಬುದರ ಮೇಲೂ ಎಳೆದೆ. ಉಳಿದದ್ದು, "ಅವಳು ಅಡುಗೆಮನೆಗೆ ಹೋಗಿ ಮುದ್ದೆಗೆ ಎಸರಿಟ್ಟಳು." ಪೆನ್ನಿನ ತುದಿಯನ್ನು ಕೊನೆಯ ಪದದ ಮೇಲೆ ಇಟ್ಟು, "ದಿನಾ ಇಡುವ ಎಸರಿಗೂ ಈವತ್ತಿನ ಎಸರಿಗೂ ಏನು ವ್ಯತ್ಯಾಸ ತಾಯಿ?" ಎಂದು ಕೇಳಿ ಸುಮ್ಮನಾದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆಕೆ ನಿಧಾನವಾಗಿ, "ಇಬ್ಬರ ಅಳತೆಗೆ ನೀರು ಹಾಕಿಬಿಟ್ಟಿರ್ತಾಳೆ ಮೇಷ್ಟ್ರೇ. ಆಮೇಲೆ ನೆನಪಾಗಿ ಒಂದು ಲೋಟ ಈಚೆಗೆ ತೆಗೀತಾಳೆ" ಎಂದರು. ಗೀಟೆಳೆದ ಸಾಲಿನ ಮೇಲೆಯೇ ನಾನು ಅದನ್ನು ಬರೆದೆ. ಹನ್ನೊಂದು ಊರುಗಳಲ್ಲಿ ಕೂತವರು ಆ ಲೋಟ ಆ ಸಾಲಿಗೆ ಬಂದದ್ದನ್ನು ಕಣ್ಣಾರೆ ಕಂಡರು. ಚಾಪೆಯ ಮೇಲೆ ಕೂತಿದ್ದ ದಿನಗಳಲ್ಲಿ ನನ್ನ ಕೈಯ ಪುಟ ಪಕ್ಕದ ಇಬ್ಬರಿಗೆ ಮಾತ್ರ ಕಾಣುತ್ತಿತ್ತು.

ವಿಡಿಯೊ ಮುಚ್ಚಿ ಓದಿಸುವ ಪದ್ಧತಿ ಅನಿವಾರ್ಯದಿಂದ ಬಂದದ್ದು. ಪಾವಗಡದವರ ಹಳ್ಳಿಯಲ್ಲಿ ಸಿಗ್ನಲ್ ದುರ್ಬಲ. ಎಲ್ಲರ ಮುಖವೂ ತೆರೆದಿದ್ದರೆ ಅವರಿಗೆ ದನಿ ತುಂಡುತುಂಡಾಗಿ ಬರುತ್ತಿತ್ತು. ಅವರಿಗೋಸ್ಕರ, ಓದುವ ಹೊತ್ತಿನಲ್ಲಿ ಎಲ್ಲರೂ ಕ್ಯಾಮೆರಾ ಮುಚ್ಚಬೇಕೆಂದು ಗೊತ್ತುಮಾಡಿದೆವು. ಓದುವವರೂ ಮುಚ್ಚುತ್ತಾರೆ. ಆಗ ಕೇಳುವವರ ಪಾಲಿಗೆ ಉಳಿಯುವುದು ವಾಕ್ಯ ಮಾತ್ರ. ಹಿಂದೆ ಆಕಾಶವಾಣಿಯಲ್ಲಿ ನಾಟಕ ಕೇಳುತ್ತಿದ್ದ ಏಕಾಗ್ರತೆ ಅದರಲ್ಲಿತ್ತು. ಒಂದೇ ಪುಟದಲ್ಲಿ "ಅಷ್ಟರಲ್ಲಿ" ಎಂಬ ಪದ ಐದು ಸಲ ಬಂದುದನ್ನು ಮುಖ ನೋಡುತ್ತ ಕೇಳುವಾಗ ಯಾರೂ ಗುರುತಿಸುತ್ತಿರಲಿಲ್ಲ. ಈಗ ಬರೆದವರಿಗೇ ತಮ್ಮ ಕಿವಿಯಲ್ಲಿ ಅದು ತಟ್ಟುತ್ತದೆ. ಓದು ಮುಗಿದ ಮೇಲೆ ಪ್ರತಿಯೊಬ್ಬರೂ ತಮಗೆ ನೆನಪಿನಲ್ಲಿ ಉಳಿದ ಒಂದೇ ಒಂದು ಸಾಲನ್ನು ಚಾಟ್‌ನಲ್ಲಿ ಟೈಪ್ ಮಾಡಿ ಇಟ್ಟುಕೊಂಡು, ನಾನು "ಈಗ" ಎಂದಾಗ ಒಟ್ಟಿಗೆ ಕಳಿಸುತ್ತಾರೆ. ನಡುಮನೆಯ ಕೂಟದಲ್ಲಿ ಮೊದಲು ಮಾತಾಡಿದವರ ಅಭಿಪ್ರಾಯದ ಹಿಂದೆಯೇ ಉಳಿದವರು ಹೋಗಿಬಿಡುತ್ತಿದ್ದರು. ಆ ದೋಷವನ್ನು ನೀಗಲು ನನಗೆ ಅಲ್ಲಿ ದಾರಿ ಸಿಕ್ಕಿರಲಿಲ್ಲ. ಈಗ ಹತ್ತು ಸಾಲು ಒಮ್ಮೆಲೇ ಬೀಳುತ್ತವೆ, ಯಾವುದರ ಮೇಲೂ ಇನ್ನೊಬ್ಬರ ಪ್ರಭಾವ ಇರುವುದಿಲ್ಲ.

ಬರೆಯಲು ಕೊಡುವ ಏಳು ನಿಮಿಷದ ಮೌನ ಮೊದಮೊದಲು ಕಷ್ಟವಾಯಿತು. ಕೋಣೆಯಲ್ಲಿ ಎಲ್ಲರೂ ಸುಮ್ಮನಾದರೆ ಬರೆಯುತ್ತಿದ್ದಾರೆಂದು ತಿಳಿಯುತ್ತದೆ; ಪರದೆಯ ಮುಂದೆ ಸುಮ್ಮನಾದರೆ ಲೈನ್ ಕಡಿಯಿತೆಂದು ತಿಳಿಯುತ್ತಾರೆ. ಒಂದು ನಿಮಿಷಕ್ಕೆ ಒಬ್ಬರು "ಹಲೋ, ಕೇಳಿಸ್ತಿದೆಯಾ?" ಎನ್ನುವರು, ಬರೆಯುತ್ತಿದ್ದವರ ಧ್ಯಾನ ಮುರಿಯುವುದು. ಈಗ, "ಏಳು ನಿಮಿಷ ನಾನು ಮಾತಾಡುವುದಿಲ್ಲ, ಸಂಪರ್ಕ ಇದ್ದೇ ಇದೆ" ಎಂದು ಹೇಳಿ, ಫೋನಿನ ಕೆಳಗೆ ನೋಟ್‌ಬುಕ್ಕಿನ ಮೇಲೆ ಸೆಕೆಂಡಿನ ಮುಳ್ಳಿರುವ ಟೈಮ್‌ಪೀಸನ್ನು ಮಲಗಿಸುತ್ತೇನೆ. ಮುಳ್ಳು ತಿರುಗುತ್ತಿದ್ದರೆ ತರಗತಿ ನಡೆಯುತ್ತಿದೆ ಎಂದರ್ಥ. ಎಲ್ಲರ ಮೈಕನ್ನೂ ನಾನೇ ಮುಚ್ಚಬಲ್ಲೆ, ಆದರೆ ಯಾರ ಮೈಕನ್ನೂ ನಾನು ತೆರೆಯಲಾರೆ, ಅದು ಅವರವರ ಕೈಯಲ್ಲೇ ಇದೆ. ಈ ಏರ್ಪಾಟು ನನಗೆ ಒಪ್ಪಿಗೆಯಾಯಿತು.

ಬರೆದದ್ದನ್ನು ಕಳಿಸುವುದರಲ್ಲಿ ಇನ್ನೊಂದು ತೊಡಕಿತ್ತು. ಹಿಂದೆ ಡಿಟಿಪಿ ಕಲಿತಿದ್ದ ಇಬ್ಬರು ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ ಕಳಿಸಿದ ಕಥೆಗಳು ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳಾಗಿ ಕಾಣುತ್ತಿದ್ದವು. ಆ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷೇ ಹೊರಬೀಳುತ್ತದೆ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವುದರಿಂದ ಎಲ್ಲಿ ತೆರೆದರೂ ಕನ್ನಡವೇ. ಪರಿವರ್ತಕದಲ್ಲಿ ಹಾಕಿ ಬದಲಾಯಿಸಬಹುದು, ಆದರೆ ಅರ್ಕಾವತ್ತು, ಒತ್ತಕ್ಷರಗಳ ಕಡೆ ಒಮ್ಮೊಮ್ಮೆ ತಪ್ಪು ನುಸುಳುತ್ತದೆ, ಒಂದು ಸಲ ಓದಿ ನೋಡಲೇಬೇಕು. ಪಾವಗಡದವರು ಟೈಪ್ ಮಾಡುವುದಿಲ್ಲ, ಫೋನಿಗೆ ಕಥೆ ಹೇಳುತ್ತಾರೆ, ಅದೇ ಬರೆದುಕೊಳ್ಳುತ್ತದೆ. ಅವರು "ಬತ್ತೀನಿ" ಎಂದು ಹೇಳಿದ್ದು "ಬರ್ತೀನಿ" ಎಂದು ಬಂದಿತ್ತು, ಹೀಗೆ ಕಥೆಯುದ್ದಕ್ಕೂ ಆ ಸೀಮೆಯ ಮಾತು ಸವೆದುಹೋಗಿತ್ತು. ನಾನು ಅವರಿಗೆ ಒಂದೊಂದು ಮಾತನ್ನೂ ಕೈಯಿಂದ ತಿರುಗಿ ಹಾಕಿಸಿದೆ. ಎರಡು ವಾರ ಹಿಡಿಯಿತು. ಅವರ ಊರಿನ ಕನ್ನಡ ಅವರ ಕಥೆಯಲ್ಲಿ ಇರದಿದ್ದರೆ ಇನ್ನೆಲ್ಲಿ ಇರಬೇಕು?

ಕರೆಂಟ್ ಹೋಗುವುದಕ್ಕೆ ಮುಂಚೆಯೇ ಸಿದ್ಧನಾಗಿದ್ದೆ. ಸದಸ್ಯರಲ್ಲಿ ಒಬ್ಬರನ್ನು ಸರದಿಯಂತೆ ಮಾನಿಟರ್ ಮಾಡಿದ್ದೆ. ನಾನು ಮಾಯವಾದರೆ ಓದು ನಿಲ್ಲಿಸದೆ ನಡೆಸಬೇಕೆಂಬುದು ಅವರ ಹೊಣೆ. ತಿಪಟೂರಿನ ಗೃಹಿಣಿ ತಿದ್ದಿದ ಕಥೆಯನ್ನು ಪೂರ್ತಿ ಓದಿದ ದಿನವೇ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಿಂದ ನಡೆಯುತ್ತಿತ್ತು, ಇಂಟರ್‌ನೆಟ್ ಕೊಡುವ ರೂಟರ್ ಆರಿತ್ತು. ರಬ್ಬರ್ ಬ್ಯಾಂಡ್ ಬಿಚ್ಚಿ ಫೋನನ್ನು ಕೋಲಿನಿಂದ ಇಳಿಸಿಕೊಂಡು, ಮೊಬೈಲ್ ಡೇಟಾದಲ್ಲಿ ಮತ್ತೆ ಸೇರುವಷ್ಟರಲ್ಲಿ ಎರಡು ನಿಮಿಷ ಹೋಗಿತ್ತು. ಓದು ನಿಂತಿರಲಿಲ್ಲ. ಆಕೆ ಲೋಟದ ಸಾಲಿಗೆ ಬರುತ್ತಿದ್ದರು. ಓದಿ ಮುಗಿದು, ನಾನು "ಈಗ" ಎಂದಾಗ ಸಾಲುಗಳು ಬಿದ್ದವು. ಹೆಚ್ಚಿನವರು ಲೋಟದ ಮಾತನ್ನೇ ಬರೆದಿದ್ದರು. ಪಾವಗಡದವರು ಮಾತ್ರ, "ಮಗನ ಎಣ್ಣೆ ಹಚ್ಚಿದ ತಲೆ ತಾಗಿ ಗೋಡೆ ಮೇಲೆ ಆದ ಕಲೆ" ಎಂದು ಬರೆದಿದ್ದರು. ಅದು ನಾನು ಇಲ್ಲದ ಎರಡು ನಿಮಿಷದಲ್ಲಿ ಬಂದು ಹೋಗಿದ್ದ ಸಾಲು. "ತಾಯಿ, ಆ ಪ್ಯಾರಾ ಇನ್ನೊಂದು ಸಲ ಓದಿ, ನನಗೆ ತಪ್ಪಿಹೋಯಿತು" ಎಂದು ಕೇಳಿದೆ. ಆಕೆ ಪುಟ ತಿರುಗಿಸುವ ಸದ್ದು ಕೇಳಿಸಿತು.