ಇಂಟಿಗ್ರೇಶನ್ ತಲೆಗೆ ಹತ್ತದವರಿಗೆ ಒಂದು ಮಾತು

ತುಮಕೂರಿನ ಪಿಯು ಮಕ್ಕಳೇ, ಪೋಷಕರೇ, ನಮಸ್ಕಾರ.

ದ್ವಿತೀಯ ಪಿಯು ಗಣಿತದಲ್ಲಿ ಇಂಟಿಗ್ರೇಶನ್ (ಅನುಕಲನ) ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಅತ್ತಿದ್ದೀನಿ. ಮನೇಲಿ ಹೇಳಿಕೊಡೋರು ಯಾರೂ ಇರಲಿಲ್ಲ. ಕೈ ಹಿಡಿದಿದ್ದು ಟೆಲಿಗ್ರಾಂನ ಒಂದು ಓದುವ ಗುಂಪು.

ಅಲ್ಲಿ ಸುಮ್ಮನೆ "ಅರ್ಥ ಆಗ್ತಿಲ್ಲ" ಅಂತ ಹಾಕಿದರೆ ಉತ್ತರ ಬರೋದು ಕಡಿಮೆ. ನೋಟ್‌ಬುಕ್ಕಿನ ಪುಟದ ಫೋಟೊ ತೆಗೆದು, ಸಿಕ್ಕಿಹಾಕಿಕೊಂಡ ಸಾಲಿಗೆ ಕೆಂಪು ಪೆನ್ನಲ್ಲಿ ಗುರುತು ಮಾಡಿ ಹಾಕಿ. ಎರಡು ಫಂಕ್ಷನ್ ಗುಣಿಸಿದ್ದನ್ನ ಇಂಟಿಗ್ರೇಟ್ ಮಾಡೋ 'ಬೈ ಪಾರ್ಟ್ಸ್' ವಿಧಾನದಲ್ಲಿ ಒಂದನ್ನ ಮೊದಲ ಫಂಕ್ಷನ್ ಅಂತ ಆರಿಸ್ಕೋಬೇಕು. ನಾನು ಎಕ್ಸ್ ಇಂಟು ಸೈನ್ ಎಕ್ಸ್ ಲೆಕ್ಕದಲ್ಲಿ ಸೈನ್ ಎಕ್ಸನ್ನೇ ಮೊದಲ ಫಂಕ್ಷನ್ ಮಾಡಿಕೊಂಡಿದ್ದೆ. ಎಕ್ಸ್ ಸ್ಕ್ವೇರ್ ಬಂದು ಲೆಕ್ಕ ಇನ್ನಷ್ಟು ಬೆಳೀತು. ಕೋಲಾರದ ಒಬ್ಬ ಅಕ್ಕ ರಾತ್ರಿ ಹತ್ತೂವರೆಗೆ ಬರೆದರು: "ಐಲೇಟ್ (ILATE) ನೆನಪಿಟ್ಕೊ ಪುಟ್ಟಿ. ಇನ್ವರ್ಸ್, ಲಾಗ್, ಆಲ್ಜೀಬ್ರಾ, ಟ್ರಿಗೊನಾಮೆಟ್ರಿ, ಎಕ್ಸ್‌ಪೊನೆನ್ಶಿಯಲ್. ಯಾವುದು ಮುಂದಿದೆಯೋ ಅದೇ ಮೊದಲ ಫಂಕ್ಷನ್. ನಾನೂ ಇದೇ ತಪ್ಪು ಮಾಡಿದ್ದೆ." ಆ ಕೊನೇ ಸಾಲು ಓದಿ ಎಷ್ಟು ಹಗುರಾಯ್ತು ಅಂದ್ರೆ, ಆವತ್ತೇ ಇನ್ನೂ ನಾಲ್ಕು ಲೆಕ್ಕ ಮಾಡಿ ಮಲಗಿದೆ.

ಸಾವಿರಾರು ಜನರ ಗುಂಪಿಗಿಂತ ಹತ್ತು ಹದಿನೈದು ಜನರದ್ದು ವಾಸಿ. ಹೆಸರು ಹಿಡಿದು ಕೇಳ್ತಾರೆ, ಎರಡು ದಿನ ಕಾಣಿಸದಿದ್ರೆ ವಿಚಾರಿಸ್ತಾರೆ. ಮಾರ್ಕ್ಸ್ ಹೋಲಿಸಿ ಚುಚ್ಚುವ ಗುಂಪಿಂದ ಮಾತ್ರ ಆಚೆ ಬಂದುಬಿಡಿ, ಸಂಕೋಚ ಬೇಡ. ಫೋನ್ ನಂಬರು, ಹಾಲ್ ಟಿಕೆಟ್ ಫೋಟೊ ಎಲ್ಲೂ ಹಾಕಬೇಡಿ.

ಇನ್ನೊಂದು, ನಿಮಗೆ ಗೊತ್ತಿರೋ ಸಣ್ಣ ಲೆಕ್ಕವನ್ನ ಬೇರೆಯವರಿಗೆ ಕನ್ನಡದಲ್ಲೇ ಬಿಡಿಸಿ ಹೇಳಿ. ನನಗೆ ಸಬ್‌ಸ್ಟಿಟ್ಯೂಶನ್ (ಎಕ್ಸ್ ಬದಲು ಬೇರೆ ಅಕ್ಷರ ಹಾಕಿ ಇಂಟಿಗ್ರೇಟ್ ಮಾಡೋ ವಿಧಾನ) ಸರಿಯಾಗಿ ಕೂತಿದ್ದು ಗುಬ್ಬಿಯ ಒಬ್ಬ ತಮ್ಮನಿಗೆ ವಾಯ್ಸ್ ಮೆಸೇಜಲ್ಲಿ ಹೇಳಿಕೊಟ್ಟ ಮೇಲೆ.